ಕಳಚಿಟ್ಟ ತುಪ್ಪಳವನ್ನು ಮತ್ತೆ ತೊಟ್ಟಾಗ

ಪಿಟ್ಸ್‌ಬರ್ಗ್ ಅಮೆರಿಕದ ಹಳೆಯ ಉಕ್ಕಿನ ಊರು. ವರ್ಷಕ್ಕೊಮ್ಮೆ, ಬೇಸಿಗೆ ಏರುವ ಹೊತ್ತಿಗೆ, ಅಲ್ಲಿನ ನದಿ ದಂಡೆಯ ಡೇವಿಡ್ ಎಲ್. ಲಾರೆನ್ಸ್ ಕನ್ವೆನ್ಶನ್ ಸೆಂಟರಿನ ಸುತ್ತಮುತ್ತ ನರಿ, ತೋಳ, ಹಿಮಚಿರತೆಗಳು ಎರಡೇ ಕಾಲಲ್ಲಿ ಓಡಾಡುತ್ತವೆ. ಸಿಗ್ನಲ್ಲಿನಲ್ಲಿ ಹಸಿರು ದೀಪ ಬರುವತನಕ ಶಿಸ್ತಾಗಿ ಕಾಯುತ್ತವೆ. ಇದು ಆಂಥ್ರೋಕಾನ್. 1997ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಶುರುವಾಗಿ, 2006ರಿಂದ ಈ ಊರಲ್ಲಿ ನೆಲೆಯೂರಿದ ಮೇಳ. 2024ರಲ್ಲಿ 17 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಮನುಷ್ಯರಂತೆ ನಡೆದು ನುಡಿಯುವ ಪ್ರಾಣಿಪಾತ್ರಗಳೆಂದರೆ ಇವರಿಗೆ ಪ್ರಾಣ. ತಮ್ಮನ್ನು 'ಫರಿ'ಗಳೆಂದು ಕರೆದುಕೊಳ್ಳುತ್ತಾರೆ. ತಾವೇ ಕಲ್ಪಿಸಿಕೊಂಡ ಪ್ರಾಣಿಯ ವೇಷ ಹೊಲಿಸಿ ತೊಟ್ಟರೆ ಅದು ಫರ್‌ಸೂಟ್. ಎಲ್ಲರ ಬಳಿಯೂ ಅದು ಇರುತ್ತದೆಂದು ತಿಳಿಯಬೇಡಿ. ತಲೆಯಿಂದ ಬಾಲದವರೆಗಿನ ಪೂರ್ತಿ ವೇಷಕ್ಕೆ ಸಾವಿರಾರು ಡಾಲರ್ ಬೀಳುತ್ತದೆ. ಹೆಚ್ಚಿನವರು ಕೊರಳಿಗೊಂದು ಬ್ಯಾಡ್ಜ್, ಸೊಂಟಕ್ಕೊಂದು ಬಾಲ ಸಿಕ್ಕಿಸಿಕೊಂಡು ತೃಪ್ತರು.

ಈ ಹವ್ಯಾಸ ಯಾಕೆ ಎಂದು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಕುತೂಹಲ ಬೇರೆ. ಮೊದಲ ಸಲ ವೇಷ ತೊಟ್ಟು ಹೋಟೆಲ್ ಕೋಣೆಯ ಬಾಗಿಲು ದಾಟುವ ಹೊಸಬರ ಮೈಯೊಳಗೆ ಆ ಮೊದಲ ಅರ್ಧ ಗಂಟೆ ಏನು ನಡೆಯುತ್ತದೆ? ಅದೊಂದು ಒಳ್ಳೆಯ ಪ್ರಯೋಗ. ಯಾಕೆಂದರೆ ಮನುಷ್ಯ ತುಪ್ಪಳ ಬಿಟ್ಟ ಪ್ರಾಣಿ. ಬಿಟ್ಟದ್ದಕ್ಕೆ ಕಾರಣವಿತ್ತು.

ಚಿಂಪಾಂಜಿಯ ಮೈಮೇಲೆ ಎಷ್ಟು ಕೂದಲ ಬುಡಗಳಿವೆಯೋ ಹೆಚ್ಚುಕಡಿಮೆ ಅಷ್ಟೇ ನಮ್ಮ ಮೈಮೇಲೂ ಇವೆ. ನಮ್ಮವು ಸಣ್ಣಗೆ, ಕಾಣದಷ್ಟು ತೆಳ್ಳಗೆ ಬೆಳೆಯುತ್ತವೆ, ಅಷ್ಟೆ. ಹತ್ತು ಲಕ್ಷ ವರ್ಷಕ್ಕೂ ಹಿಂದೆ, ಆಫ್ರಿಕದ ಬಿಸಿಲಲ್ಲಿ ದೂರದೂರ ನಡೆದು, ಓಡಿ ಬದುಕತೊಡಗಿದ ನಮ್ಮ ಪೂರ್ವಜರಿಗೆ ದಟ್ಟ ಕೂದಲು ಭಾರವಾಯಿತು ಎಂಬುದು ಬಹುಮಂದಿ ವಿಜ್ಞಾನಿಗಳು ಒಪ್ಪುವ ವಿವರಣೆ. ಕೂದಲು ಹೋದ ಜಾಗದಲ್ಲಿ ಬೆವರು ಬಂತು. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ. ನಾಯಿಗೆ ಬೆವರುವುದೆಂದರೆ ಹೆಚ್ಚಾಗಿ ಅಂಗಾಲಿನ ಮೆತ್ತೆಯಲ್ಲಿ ಮಾತ್ರ. ಮಿಕ್ಕ ಕಾವನ್ನೆಲ್ಲ ಅದು ನಾಲಗೆ ಚಾಚಿ ಏದುಸಿರಿನಲ್ಲೇ ಕಳೆಯಬೇಕು. ಏದುಸಿರು ಬಿಟ್ಟು ಮೈ ತಣಿಸಿಕೊಳ್ಳುವ ವಿದ್ಯೆ ನಮಗೆ ಬಾರದು. ತೋಳದ ವೇಷ ತೊಟ್ಟವರು ತೋಳದ ತುಪ್ಪಳವನ್ನಷ್ಟೇ ಎರವಲು ಪಡೆಯುತ್ತಾರೆ, ಅದರ ನಾಲಗೆಯನ್ನಲ್ಲ.

ಈಗ ಸ್ವಲ್ಪ ಲೆಕ್ಕ. ಸುಮ್ಮನೆ ಕೂತ ವಯಸ್ಕರ ದೇಹ ಸುಮಾರು 100 ವ್ಯಾಟ್ ಶಾಖ ಹೊರಬಿಡುತ್ತದೆ, ಹಳೇ ಕಾಲದ ಒಂದು ದೊಡ್ಡ ಬುರುಡೆ ಬಲ್ಬಿನಷ್ಟು. ಎದ್ದು, ಕೈಬೀಸಿ, ನಾಲ್ಕು ಹೆಜ್ಜೆ ಕುಣಿದರೆ ಅದು 300 ವ್ಯಾಟ್ ಮುಟ್ಟುತ್ತದೆ. ವೇಷದ ಬಟ್ಟೆ ಅಕ್ರಿಲಿಕ್ ಎಳೆಗಳ ನಕಲಿ ತುಪ್ಪಳ. ಬೆಚ್ಚಗಿಡುವುದು ಆ ಎಳೆಗಳಲ್ಲ, ಅವುಗಳ ನಡುವೆ ಸಿಕ್ಕಿಬಿದ್ದ ಗಾಳಿ. ಕಂಬಳಿಯ ಗುಟ್ಟೂ ಇದೇ. 2 ಸೆಂಟಿಮೀಟರ್ ದಪ್ಪದ, ಒಂದಿಷ್ಟೂ ಅಲುಗಾಡದ ಗಾಳಿಯ ಹೊದಿಕೆ ನಿಮ್ಮನ್ನು ಸುತ್ತಿದೆ ಎಂದಿಟ್ಟುಕೊಳ್ಳಿ. ಚರ್ಮ 35 ಡಿಗ್ರಿ, ಸಭಾಂಗಣ 24 ಡಿಗ್ರಿ. ಆ ಹೊದಿಕೆಯ ಮೂಲಕ ಹೊರಗೆ ಹರಿಯುವ ಶಾಖ ಹೆಚ್ಚೆಂದರೆ 25–26 ವ್ಯಾಟ್. ನಿಜವಾದ ವೇಷದಲ್ಲಿ ಹೊಲಿಗೆ, ಜಿಪ್ಪು, ಕತ್ತಿನ ಸಂದಿಗಳಿವೆ, ನಡೆದಾಗ ಗಾಳಿ ಒಳಹೊರಗೆ ಆಡುತ್ತದೆ. ಹಾಗಾಗಿ ಲೆಕ್ಕ ಇಷ್ಟು ಕಠೋರವಲ್ಲ. 300ರಲ್ಲಿ 100 ವ್ಯಾಟ್ ಹೇಗೋ ಪಾರಾಯಿತೆಂದೇ ಹಿಡಿಯೋಣ. ಮಿಕ್ಕ 200 ಒಳಗೇ ಉಳಿದರೆ 70 ಕಿಲೋ ತೂಕದವರ ಮೈ ಸುಮಾರು 20 ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. 37ರಿಂದ 40ಕ್ಕೆ ಮೂರೇ ಮೆಟ್ಟಿಲು. 40 ದಾಟಿ ಮಾತು ತಡವರಿಸಿದರೆ ಅದಕ್ಕೆ ಉಷ್ಣಾಘಾತವೆಂದು ಹೆಸರು, ಆಸ್ಪತ್ರೆಯ ಕೆಲಸ.

ಕಾಪಾಡಬೇಕಾದ್ದು ಬೆವರು. ಒಂದು ಗ್ರಾಂ ಬೆವರು ಆವಿಯಾಗಲು ಮೈಯಿಂದ 2,400 ಜೂಲ್ ಶಾಖ ಹೀರುತ್ತದೆ. ಆ 200 ವ್ಯಾಟ್ ತೊಲಗಿಸಲು ಗಂಟೆಗೆ 300 ಗ್ರಾಂ, ದೊಡ್ಡದೊಂದು ಲೋಟದಷ್ಟು ಬೆವರು ಸಾಕು. ನಮ್ಮ ಗ್ರಂಥಿಗಳಿಗೆ ಅದು ಲೀಲಾಜಾಲ. ಆದರೆ ಬೆವರು ಆವಿಯಾಗಬೇಕು, ಬರೀ ಸುರಿದರೆ ಬಂತೇನು ಪ್ರಯೋಜನ? ತುಪ್ಪಳದೊಳಗಿನ ಗಾಳಿ ಕೆಲವೇ ನಿಮಿಷಗಳಲ್ಲಿ ತೇವದಿಂದ ತುಂಬಿಹೋಗುತ್ತದೆ. ಆಮೇಲೆ ಹುಟ್ಟಿದ ಬೆವರು ಬೆನ್ನಮೇಲೆ ಇಳಿದು ಕಾಲುಚೀಲ ಸೇರುತ್ತದೆ. ನೀರು, ಉಪ್ಪು ಎರಡೂ ಖರ್ಚು, ತಂಪು ಮಾತ್ರ ಇಲ್ಲ. ಮಳೆಗಾಲದ ಮಂಗಳೂರಿನಲ್ಲಿ ಫ್ಯಾನು ನಿಂತ ರಾತ್ರಿ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಊರಿನ ಹುಲಿವೇಷದವರು ನವರಾತ್ರಿಯ ಸೆಕೆಯಲ್ಲಿ ಗಂಟೆಗಟ್ಟಲೆ ತಾಸೆಯ ಪೆಟ್ಟಿಗೆ ಕುಣಿಯುತ್ತಾರಲ್ಲ ಎಂದರೆ, ಅವರು ತೊಡುವುದು ತುಪ್ಪಳದ ಚಿತ್ರವನ್ನು. ಬಣ್ಣದ ಲೇಪ ಬೆವರಿಗೆ ಅಡ್ಡಿಯೇ, ಆದರೂ ಅವರ ಮೈಗೂ ಗಾಳಿಗೂ ನಡುವೆ ಕಂಬಳಿ ಇಲ್ಲ.

ಹಾಗಾದರೆ ಒಂಟೆ? ಸಹಾರಾದ ಬಿಸಿಲಲ್ಲಿ ಉಣ್ಣೆ ಹೊತ್ತೂ ಆರಾಮಾಗಿರುತ್ತದಲ್ಲ! 1950ರ ದಶಕದಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ಶರೀರವಿಜ್ಞಾನಿ ಒಂಟೆಯ ಉಣ್ಣೆ ಬೋಳಿಸಿ ನೋಡಿದರು. ಬೋಳು ಒಂಟೆ ಸುಮಾರು ಅರ್ಧದಷ್ಟು ಹೆಚ್ಚು ನೀರು ಕಳೆದುಕೊಂಡಿತು. ಉಣ್ಣೆ ಹೊರಗಿನ ಬಿಸಿಲನ್ನು ಮೈಗೆ ತಾಗದಂತೆ ತಡೆಯುತ್ತದೆ, ಒಣಹವೆಯಲ್ಲಿ ಬೆವರು ಅದರಡಿಯಲ್ಲೇ ಆರುತ್ತದೆ. ಜುಲೈ ಬಿಸಿಲಲ್ಲಿ ಮೆರವಣಿಗೆ ಹೋಗುವ ಫರ್‌ಸೂಟಿಗೂ ಈ ಲಾಭದಲ್ಲಿ ಒಂದು ಪಾಲು ಸಿಗುತ್ತದೆ: ನೆತ್ತಿ ಸುಡುವುದಿಲ್ಲ. ಆದರೆ ಒಂಟೆ ಹಗಲಿಡೀ ತನ್ನ ಮೈಯ ಉಷ್ಣತೆಯನ್ನು ಐದಾರು ಡಿಗ್ರಿ ಏರಗೊಟ್ಟು ಸುಮ್ಮನಿರಬಲ್ಲದು, ರಾತ್ರಿಯ ತಂಪಿನಲ್ಲಿ ಆ ಸಾಲ ತೀರಿಸುತ್ತದೆ. ನಮಗೆ ಅಷ್ಟು ಸಾಲ ಕೊಡುವವರಿಲ್ಲ.

ಆದ್ದರಿಂದಲೇ ವೇಷ ಕಟ್ಟುವವರ ಕಸುಬಿನಲ್ಲಿ ಅರ್ಧ ಪಾಲು ಗಾಳಿಯದು. ತಲೆ ಮಾಡುವುದು ಸೋಫಾದ ಫೋಮನ್ನು ಕೆತ್ತಿ, ಇಲ್ಲವೇ ತ್ರೀಡಿ ಪ್ರಿಂಟರಿನಲ್ಲಿ ಅಚ್ಚಾದ ಚೌಕಟ್ಟಿನ ಮೇಲೆ. ತೆರೆದ ಬಾಯಿ ನಗುವಿಗಷ್ಟೇ ಅಲ್ಲ, ಉಸಿರಿಗೂ ಹೌದು. ಮೂತಿಯೊಳಗೆ ಪುಟ್ಟ ಕಂಪ್ಯೂಟರ್ ಫ್ಯಾನು, ಜೇಬಿನಲ್ಲಿ ಪವರ್ ಬ್ಯಾಂಕು. ಕೂದಲ ಬೆವರು ಫೋಮಿಗೆ ಇಳಿಯದಂತೆ ಮಂಕಿಕ್ಯಾಪಿನಂಥ ತೆಳು ಟೊಪ್ಪಿ. ತಲೆ ತೆಗೆಯದೆ ನೀರು ಕುಡಿಯಲು ಉದ್ದನೆಯ ಸ್ಟ್ರಾ. ಕೆಲವರು ತಂಪು ಜಾಕೆಟ್ ಕೂಡ ತೊಡುತ್ತಾರೆ. ಅದರಲ್ಲಿ 2 ಕಿಲೋ ಮಂಜುಗಡ್ಡೆ ಇಟ್ಟರೆ, ಕರಗುವಷ್ಟರಲ್ಲಿ ಆ ಹಾಳು 200 ವ್ಯಾಟನ್ನು ಸುಮಾರು 55 ನಿಮಿಷ ನುಂಗುತ್ತದೆ. ಕೇಳಲು ಚೆಂದ. ಆದರೆ ಮಂಜಿನ ಕೊರೆತಕ್ಕೆ ಚರ್ಮದ ರಕ್ತನಾಳಗಳು ಮುದುಡಿಕೊಳ್ಳುತ್ತವೆ, ಒಳಗಿನ ಬಿಸಿ ರಕ್ತ ಹೊರಮೈಗೆ ಬರುವುದೇ ಕಡಿಮೆಯಾಗುತ್ತದೆ. ಅದಕ್ಕೇ 14–15 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಮೇಣದಂಥ ವಸ್ತು ತುಂಬಿದ ಜಾಕೆಟ್ಟುಗಳಿವೆ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಜಾಣ ಉಪಾಯ, ಅನುಭವಿಗಳು ಹೊಸಬರಿಗೆ ಹೇಳುವ ಬಿಟ್ಟಿ ಸಲಹೆ: ಮೇಳಕ್ಕೆ ಮುಂಚೆ ಮನೆಯಲ್ಲೇ ದಿನಾ ಸ್ವಲ್ಪ ಹೊತ್ತು ತೊಟ್ಟು ರೂಢಿ ಮಾಡಿಕೊಳ್ಳಿ. ಒಂದೆರಡು ವಾರ ಹೀಗೆ ಕಾವಿಗೆ ಒಡ್ಡಿಕೊಂಡ ದೇಹದಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ತೋಟದ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲ ವಾರ ಸೋತು, ಮೂರನೆಯ ವಾರ ಹಳಬರ ಸಮ ನಿಲ್ಲುವುದೂ ಇದರಿಂದಲೇ.

ಕಾವಿಗಿಂತ ಮೊದಲು ಹೊಸಬರನ್ನು ದಿಗಿಲುಗೊಳಿಸುವುದು ಕಣ್ಣು. ವೇಷದ ಕಣ್ಣೆಂದರೆ ಬಣ್ಣ ಬಳಿದ ಜಾಲರಿ. ಕಿಟಕಿಗೆ ಸೊಳ್ಳೆಪರದೆ ಹಾಕಿದ ಮನೆಯನ್ನು ಹಗಲಲ್ಲಿ ನೆನೆಯಿರಿ: ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿನವರು ಕಾಣರು. ಬೆಳಕಿರುವ ಕಡೆಯಿಂದ ನೋಡುವವರಿಗೆ ಜಾಲರಿಯ ಎಳೆಗಳೇ ಹೊಳೆಯುತ್ತವೆ, ಹಿಂದಿನ ಕತ್ತಲೆ ಮುಚ್ಚಿಹೋಗುತ್ತದೆ. ಉಪಾಯವೇನೋ ಸೊಗಸು. ಬೆಲೆಯೂ ಇದೆ. ಬರಿಗಣ್ಣಿಗೆ ಅಕ್ಕಪಕ್ಕ ಸೇರಿ ಸುಮಾರು 200 ಡಿಗ್ರಿಯಷ್ಟು ಅಗಲ ಕಾಣುತ್ತದೆ. ಇಲ್ಲಿ ಅದು ಎರಡು ಸಣ್ಣ ಕಿಂಡಿಗಳಿಗೆ ಇಳಿಯುತ್ತದೆ. ಪಕ್ಕದ್ದಕ್ಕಿಂತ ಕೆಳಗಿನದು ಹೋಗುವುದೇ ದೊಡ್ಡ ನಷ್ಟ. ನಡೆಯುವಾಗ ನಾವು ಪಾದ ನೋಡುವುದಿಲ್ಲ ನಿಜ, ಆದರೆ ಮುಂದಿನ ಒಂದೆರಡು ಹೆಜ್ಜೆಯ ನೆಲವನ್ನು ಕಣ್ಣಂಚು ಸದಾ ಓದುತ್ತಿರುತ್ತದೆ. ಆ ಓದು ನಿಂತಾಗ ಮೆಟ್ಟಿಲು ಪ್ರಪಾತವಾಗುತ್ತದೆ. ಓಡಿ ಬಂದು ತೊಡೆ ತಬ್ಬಿದ ಮಗು ಕಾಣುವುದೇ ಇಲ್ಲ, ತಾಗುತ್ತದೆ. ಮೇಲಿಂದ ಕಿವಿಗೂ ಫೋಮು. ಹೊರಗಿನ ಸದ್ದು ಮಂಕು, ತನ್ನ ಉಸಿರು ಮಾತ್ರ ಗುಡಾಣದೊಳಗೆ ಕೂತಂತೆ ದೊಡ್ಡದು.

ಹೊರಗಿನವರಿಗೆ ಕಾಣುವ ಕಣ್ಣಿನದು ಬೇರೆಯೇ ಕತೆ. ಒಳ್ಳೆಯ ವೇಷದ ಕಣ್ಣು ನೀವು ಎತ್ತ ಹೋದರೂ ನಿಮ್ಮನ್ನೇ ನೋಡುತ್ತದೆ. ಯಂತ್ರವೇನೂ ಇಲ್ಲ. ಪಾಪೆಯನ್ನು ಉಬ್ಬಿಸುವ ಬದಲು ಒಳಕ್ಕೆ ಹುಗಿದಿರುತ್ತಾರೆ. ನೀವು ಪಕ್ಕಕ್ಕೆ ಸರಿದಂತೆ ಕಣ್ಣಿನ ಅಂಚು ಪಾಪೆಯ ಒಂದು ಬದಿಯನ್ನು ಮರೆಮಾಡುತ್ತದೆ, ಇನ್ನೊಂದು ಬದಿ ತೆರೆದುಕೊಳ್ಳುತ್ತದೆ. ಕಣ್ಣೆಂದರೆ ಉಬ್ಬು ಎಂದು ಹುಟ್ಟಿದಾಗಿನಿಂದ ನಂಬಿದ ಮಿದುಳು ಗುಳಿಯನ್ನು ಒಪ್ಪಿಕೊಳ್ಳುವುದಿಲ್ಲ. ಪಾಪೆ ತಿರುಗಿತು ಎಂದೇ ತೀರ್ಮಾನಿಸುತ್ತದೆ. ಟೊಳ್ಳು ಮುಖವಾಡದ ಒಳಮೈ ಉಬ್ಬು ಮುಖದಂತೆ ಕಾಣುವ ಈ ಭ್ರಮೆಯನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ಗ್ರೆಗರಿ ಪ್ರಸಿದ್ಧಗೊಳಿಸಿದರು. 1969ರಲ್ಲಿ ತೆರೆದ ಡಿಸ್ನಿಲ್ಯಾಂಡಿನ ಭೂತಬಂಗಲೆಯಲ್ಲಿ ಜನರನ್ನು ದುರುಗುಟ್ಟುವ ವಿಗ್ರಹಗಳದ್ದೂ ಇದೇ ಯುಕ್ತಿ. ಆ ಕಣ್ಣುಗಳು ಅಷ್ಟು ದೊಡ್ಡದಾಗಿರುವುದಕ್ಕೂ ಕಾರಣವಿದೆ. ದೊಡ್ಡ ತಲೆ, ದೊಡ್ಡ ಕಣ್ಣು, ಗುಂಡು ಕೆನ್ನೆ ಕಂಡರೆ ನಮ್ಮಲ್ಲಿ ಮುದ್ದು ಉಕ್ಕುತ್ತದೆ, ಅದು ಹಸುಗೂಸಿನ ಚಹರೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕಾನ್ರಾಡ್ ಲೊರೆನ್ಸ್ 1943ರಲ್ಲೇ ಬರೆದಿದ್ದರು.

ಮುಖ ಒಂದೇ, ಅದರ ನಗು ಅಂಟಿಸಿದ್ದು. ಆದರೂ ನೋಡುವವರಿಗೆ ಆ ನರಿ ಒಮ್ಮೆ ನಾಚಿದಂತೆ, ಒಮ್ಮೆ ಸಪ್ಪಗಾದಂತೆ ಕಾಣುತ್ತದೆ. ಜಪಾನಿನ ನೋ ನಾಟಕದ ಮರದ ಮುಖವಾಡಗಳ ಮೇಲೆ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು: ಮುಖವಾಡವನ್ನು ಮೇಲಕ್ಕೋ ಕೆಳಕ್ಕೋ ಓರೆ ಮಾಡಿದಷ್ಟಕ್ಕೇ ನೋಡುಗರು ಅದರ ಭಾವವನ್ನು ಬೇರೆಬೇರೆಯಾಗಿ ಓದಿದರು. ಹೊಸಬರಿಗೆ ಇದು ತಿಳಿಯಲು ಸಮಯ ಬೇಕು. ಒಳಗೆ ನಗುತ್ತಾರೆ, ಹುಬ್ಬು ಹಾರಿಸುತ್ತಾರೆ, ಯಾವುದೂ ಹೊರಗೆ ಹೋಗುವುದಿಲ್ಲ. ಕ್ರಮೇಣ ಕತ್ತು, ಭುಜ, ಅಂಗೈಗಳಿಗೆ ಆ ಕೆಲಸ ವಹಿಸಿಕೊಡುತ್ತಾರೆ.

ಕಾಲಿನ ವಿಷಯ ಬಿಟ್ಟರೆ ನನಗೆ ಸಮಾಧಾನವಿಲ್ಲ. ದುಬಾರಿ ವೇಷಗಳಲ್ಲಿ ತೊಡೆಗೂ ಮೀನಖಂಡಕ್ಕೂ ಮೆತ್ತೆ ತುಂಬಿ, ನಾಯಿಯ ಹಿಂಗಾಲಿನಂತೆ ಹಿಂದಕ್ಕೆ ಮಡಿಚಿದ ಆಕಾರ ಕೊಡುತ್ತಾರೆ. ಆ ಮಡಿಕೆಯನ್ನು ಎಲ್ಲರೂ ನಾಯಿಯ ತಿರುಗು ಮೊಣಕಾಲು ಎಂದುಕೊಳ್ಳುತ್ತಾರೆ. ಅದು ಹಿಮ್ಮಡಿಯ ಕೀಲು. ನಾಯಿ, ಬೆಕ್ಕು ಜೀವಮಾನವಿಡೀ ತುದಿಗಾಲಲ್ಲೇ ನಡೆಯುತ್ತವೆ. ನಿಜವಾದ ಮೊಣಕಾಲು ಹೊಟ್ಟೆಯ ಹತ್ತಿರ ತುಪ್ಪಳದಲ್ಲಿ ಅಡಗಿದೆ, ನಮ್ಮದರಂತೆಯೇ ಮುಂದಕ್ಕೆ ನೋಡುತ್ತದೆ.

ಹೀಗೆ ಕಣ್ಣು ಕಿರಿದಾದ, ಕಿವಿ ಮಂದವಾದ, ಮೈ ಕಾದ ಪ್ರಾಣಿಯನ್ನು ಒಂಟಿಯಾಗಿ ಬಿಡುವುದಿಲ್ಲ. ಜೊತೆಗೆ ಹ್ಯಾಂಡ್ಲರ್ ಇರುತ್ತಾರೆ. ಮಾಮೂಲಿ ಬಟ್ಟೆಯಲ್ಲಿರುವ ಒಬ್ಬ ಗೆಳತಿಯೋ ಗೆಳೆಯನೋ. ಮೆಟ್ಟಿಲು ಬಂತು ಎನ್ನುವುದು, ಬಾಲ ಎಳೆಯುವವರನ್ನು ಗದರುವುದು, ನೀರಿನ ಬಾಟಲಿ ಹಿಡಿಯುವುದು ಅವರ ಕೆಲಸ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಾವು ಏರುತ್ತಿದೆ ಎಂದು ಅಳೆಯಬೇಕಾದ ಮಿದುಳೇ ಕಾವಿಗೆ ಮೊದಲು ಮಂಕಾಗುವ ಅಂಗ. 'ನನಗೇನೂ ಆಗಿಲ್ಲ' ಎಂಬ ಹೆಬ್ಬೆರಳ ಸನ್ನೆಯನ್ನು ನಂಬುವಂತಿಲ್ಲ. ಹೆಜ್ಜೆ ತಪ್ಪುತ್ತಿದೆಯೇ, ಸನ್ನೆಗೆ ಉತ್ತರ ತಡವಾಗುತ್ತಿದೆಯೇ ಎಂದು ಹೊರಗಿನವರೇ ನೋಡಬೇಕು.

ದೊಡ್ಡ ಮೇಳಗಳಲ್ಲಿ 'ಹೆಡ್‌ಲೆಸ್ ಲೌಂಜ್' ಎಂಬ ಕೋಣೆ ಇರುತ್ತದೆ, ತಲೆ ತೆಗೆದಿಡುವ ಜಾಗ. ಕ್ಯಾಮೆರಾಕ್ಕೆ ಪ್ರವೇಶವಿಲ್ಲ. ಒಳಗೆ ದೊಡ್ಡ ಫ್ಯಾನುಗಳು, ತಣ್ಣೀರು, ಸಾಲಾಗಿ ಒಣಗಲಿಟ್ಟ ತಲೆಗಳು. ಹೊಸಬರು ನರಿಯ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಡುತ್ತಾರೆ, ಟೊಪ್ಪಿ ಕಳಚುತ್ತಾರೆ. ಒದ್ದೆ ಹಣೆಗೆ ಫ್ಯಾನಿನ ಗಾಳಿ ತಾಗುತ್ತದೆ. ಅರ್ಧ ಗಂಟೆಯಿಂದ ಸುಮ್ಮನೆ ಸುರಿಯುತ್ತಿದ್ದ ಬೆವರು ಈಗ ಆರತೊಡಗುತ್ತದೆ.