ಉಳ್ಳಾಲದ ಹಂಚಿನ ಮಾಡಿನಡಿ ಒಂದು ರಾತ್ರಿ

ಪುತ್ತಿಗೆಗೂ ಉಳ್ಳಾಲಕ್ಕೂ ಇರುವ ನಂಟು ಹಳೆಯದು. ಮೂಡುಬಿದಿರೆ ಮಗ್ಗುಲಿನ ನಮ್ಮ ಪುತ್ತಿಗೆ (ಅಷ್ಟಮಠದ ಪುತ್ತಿಗೆ ಬೇರೆ, ಕಾಸರಗೋಡಿನದ್ದು ಮತ್ತೂ ಬೇರೆ) ಚೌಟ ಅರಸರ ರಾಜಧಾನಿಯಾಗಿತ್ತು. ಕಡಲ ಬದಿಯ ಉಳ್ಳಾಲವೂ ಅವರದೇ. 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಎದುರು ನಿಂತ ರಾಣಿ ಅಬ್ಬಕ್ಕ ಈ ಮನೆತನದವಳು. ಪುತ್ತಿಗೆಯಲ್ಲಿ ಸೋಮನಾಥೇಶ್ವರ, ಉಳ್ಳಾಲದ ಸೋಮೇಶ್ವರದಲ್ಲಿ ಕಡಲಿನ ಅಂಚಿಗೇ ಸೋಮನಾಥ. ಅರಸರಿಗೆ ಕಾಳುಮೆಣಸು ಹಡಗಿಗೆ ಏರಿಸಲಿಕ್ಕೆ ಬಂದರು ಬೇಕಿತ್ತು. ನಮ್ಮಂಥವರಿಗೆ ಅಷ್ಟು ಬೇಡ. ಒಂದು ಕೋಣೆ, ಅದರ ಮುಂದೊಂದು ಜಗಲಿ, ಜಗಲಿಯಿಂದ ಇಳಿದರೆ ಹೊಯಿಗೆ ಸಿಕ್ಕಿದರೆ ಸಾಕು.

ಅದು ಸಿಗುತ್ತದೆ. ಆದರೆ ನಾವು ಹೋಗಿ ಉಳಿಯುವುದಿಲ್ಲ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯವರ ಕಡಲಯಾತ್ರೆ ಎಂದರೆ ಸಂಜೆ ನಾಲ್ಕಕ್ಕೆ ತಲುಪುವುದು, ಕಾಲು ಒದ್ದೆ ಮಾಡಿಕೊಳ್ಳುವುದು, ಚರುಮುರಿ ತಿನ್ನುವುದು, ಸೂರ್ಯ ಮುಳುಗಿದ ಕೂಡಲೇ ಬಸ್ಸಿಗೆ ಓಡುವುದು. ‘ಕಡಲು ನೋಡಲಿಕ್ಕೆ ರೂಮು ಯಾಕೆ, ಮನೆ ಇಲ್ಲವಾ?’ ಎಂದು ಹಿರಿಯರು ಕೇಳುವುದರಲ್ಲಿ ನ್ಯಾಯವೂ ಇದೆ. ಒಂದೇ ದಿನದಲ್ಲಿ ಹೋಗಿ ಬರಬಹುದಾದ ದಾರಿಗೆ ಲಾಡ್ಜಿನ ಬಾಡಿಗೆ ಕೊಡುವುದೆಂದರೆ ದುಂದುಗಾರಿಕೆಯಂತೆಯೇ ಕಾಣುತ್ತದೆ.

ಕಡಲ ತೀರಕ್ಕೆ ಹೋಗಿ ತಂಗುವ ಚಾಳಿಯೂ ನಮ್ಮದಲ್ಲ. 1750ರ ಸುಮಾರಿಗೆ ಇಂಗ್ಲೆಂಡಿನ ವೈದ್ಯ ರಿಚರ್ಡ್ ರಸೆಲ್ ಕಡಲನೀರಿನ ಸ್ನಾನ, ಸೇವನೆಗಳಿಂದ ಕಾಯಿಲೆ ವಾಸಿಯಾಗುತ್ತದೆಂದು ಬರೆದ. ರೋಗಿಗಳು ಬ್ರೈಟನ್ನಿಗೆ ನುಗ್ಗಿದರು, ಅವರ ಹಿಂದೆ ಸಾಹುಕಾರರು, ಅವರ ಹಿಂದೆ ರೈಲು. ನಮ್ಮಲ್ಲಿ ಕಡಲು ಮೊಗವೀರರ ದುಡಿಮೆಯ ಜಾಗ. ಉಳಿದವರಿಗೆ ಅಮಾವಾಸ್ಯೆಯ ತೀರ್ಥಸ್ನಾನ, ಪಿಂಡಪ್ರದಾನ, ಅಷ್ಟೆ. ಹಾಗೆ ನೋಡಿದರೆ ನಮ್ಮ ಕರಾವಳಿಯಲ್ಲಿ ಕಡಲೆದುರು ತಂಗಿ ಹೆಸರಾದವರಲ್ಲಿ ಮೊದಲು ನೆನಪಾಗುವುದು ಹೊರಗಿನವರೇ ಆದ ರವೀಂದ್ರನಾಥ ಠಾಕೂರರು. ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ಕವಿ ಅಲ್ಲಿ ಒಂದು ನಾಟಕವನ್ನೇ ಬರೆದರು.

ಉಳ್ಳಾಲದ ಸಮ್ಮರ್ ಸ್ಯಾಂಡ್ಸ್ ರಿಸಾರ್ಟ್ ಈ ತಂಗುವ ಪದ್ಧತಿಯನ್ನು ಮಂಗಳೂರಿನ ಬಾಗಿಲಿಗೆ ತಂದ ಹಳಬರಲ್ಲಿ ಒಂದು. ತೆಂಗಿನ ಮರಗಳ ನಡುವೆ ಊರ ಶೈಲಿಯ ಹಂಚಿನ ಕಾಟೇಜುಗಳು, ಒಂದು ಈಜುಕೊಳ, ಮೀನೂಟ ಸಿಗುವ ಹೋಟೆಲು. ವಿದೇಶೀಯರ ಪ್ರವಾಸ ಕೈಪಿಡಿಗಳು ಮಂಗಳೂರಿನ ಪುಟದಲ್ಲಿ ಇದರ ಹೆಸರನ್ನೂ, ಅಲ್ಲಿಗೆ ಹೋಗಲಿಕ್ಕೆ ಉಳ್ಳಾಲದ 44 ನಂಬರಿನ ಸಿಟಿ ಬಸ್ಸನ್ನೂ ಎಷ್ಟೋ ವರ್ಷ ಅಚ್ಚು ಹಾಕಿವೆ. ಬೆನ್ನಚೀಲದ ಜರ್ಮನ್ ಹುಡುಗನಿಗೆ ಗೊತ್ತಿದ್ದ ಬಸ್ಸು ನಮ್ಮ ತಾಲೂಕಿನವರಿಗೆ ಗೊತ್ತಿರಲಿಲ್ಲ.

ಈ ಬಗೆಯ ಕಟ್ಟಡವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಗ್ಗಾಗಿ ಇಳಿದ ಮಾಡು. ಬಾಗಿಲು ದಾಟುವಾಗ ಎತ್ತರದವರು ತಲೆ ತಗ್ಗಿಸುವಷ್ಟು ತಗ್ಗು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ, ಅದೂ ಗಾಳಿಯೊಡನೆ ಅಡ್ಡಡ್ಡ ಹೊಡೆಯುವ ಊರಿನಲ್ಲಿ ಗೋಡೆ ಉಳಿಯಬೇಕಾದರೆ ಮಾಡು ಗೋಡೆಯಿಂದ ಹೊರಗೆ ಚಾಚಿ ಬಗ್ಗಲೇಬೇಕು. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹಬ್ಬಿದ ಮಂಗಳೂರು ಹಂಚು ಒಂದರ ತೋಡಿಗೆ ಇನ್ನೊಂದು ಸಿಕ್ಕಿಸಿ ಕೂರುವಂಥದ್ದು. ಸಂದಿನಲ್ಲಿ ನೀರು ಒಳಬಾರದು, ಕೋಣೆಯ ಬಿಸಿಗಾಳಿ ಮಾತ್ರ ಹೊರಹೋಗುತ್ತದೆ. ಗೋಡೆಗೆ ಕೆಂಪುಕಲ್ಲು: ಅಗೆಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಇದರಲ್ಲಿ ಕಬ್ಬಿಣಕ್ಕೆ ಕೆಲಸವೇ ಕಡಿಮೆ. ಅದೇ ತೀರದಲ್ಲಿ ತಾರಸಿ ಹಾಕಿ ನೋಡಿ. ಉಪ್ಪುಗಾಳಿ ಕಾಂಕ್ರೀಟಿನೊಳಗೆ ಇಳಿದು ಸರಳು ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬುತ್ತದೆ, ಸೀಲಿಂಗಿನ ಚಕ್ಕೆ ಒಂದೊಂದಾಗಿ ಹಾಸಿಗೆಯ ಮೇಲೆ ಬೀಳುತ್ತದೆ. ಅಂಥ ಲಾಡ್ಜಿನಲ್ಲೂ ನಾನು ಮಲಗಿದ್ದೇನೆ, ಹೆಸರು ಬೇಡ.

ಇನ್ನು ಮುಂದೆ ಕಡಲಿಗೆ ಇಷ್ಟು ಹತ್ತಿರ ಹೊಸತಾಗಿ ಕಟ್ಟುವುದು ಸುಲಭವಲ್ಲ. 1991ರ ಫೆಬ್ರವರಿಯ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರನ್ನು ಹಿಡಿತಕ್ಕೆ ತಂದು, ಪೇಟೆಯಲ್ಲದ ತೀರಗಳಲ್ಲಿ ಮೊದಲ 200 ಮೀಟರಿನಲ್ಲಿ ಹೊಸ ಕಟ್ಟಡ ಬೇಡವೆಂದಿತು. 2019ರಲ್ಲಿ ಜನದಟ್ಟಣೆಯ ಹಳ್ಳಿತೀರಗಳಿಗೆ ಅದು 50 ಮೀಟರಿಗೆ ಇಳಿಯಿತು. ನನ್ನ ಮಟ್ಟಿಗೆ 200 ಮೀಟರೇ ಸರಿ. ಉಳ್ಳಾಲದಲ್ಲಿ ಕಡಲ್ಕೊರೆತ ಎಂದರೇನೆಂದು ಮೊಗವೀರಪಟ್ನ, ಉಚ್ಚಿಲದವರನ್ನು ಕೇಳಿ. ಮಳೆಗಾಲ ಬಂತೆಂದರೆ ಬಂಡೆಕಲ್ಲಿನ ಲಾರಿಗಳು ಬರುತ್ತವೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ನೀರೊಳಗೆ ದಿಬ್ಬಗಳನ್ನು ಕಟ್ಟಿ ಅಲೆಯ ಹೊಡೆತ ತಗ್ಗಿಸುವ ಕೆಲಸವೂ ಇಲ್ಲಿ ನಡೆಯಿತು.

ರಾತ್ರಿ ಉಳಿದವರಿಗೆ ಮಾತ್ರ ತಿಳಿಯುವ ಕೆಲವು ಸಂಗತಿಗಳಿವೆ. ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಮುಖಕ್ಕೆ ಬೀಸುತ್ತಿದ್ದ ಗಾಳಿ ಒಂದು ಹೊತ್ತಿನಲ್ಲಿ ನಿಂತೇಹೋಗುತ್ತದೆ. ಸೆಕೆ, ಸೊಳ್ಳೆ ಎರಡೂ ಆಗಲೇ. ಹಗಲು ಬೇಗ ಕಾದ ನೆಲ ರಾತ್ರಿ ಬೇಗ ಆರುತ್ತದೆ, ಕಡಲು ಬೆಚ್ಚಗೇ ಇರುತ್ತದೆ. ನಡುರಾತ್ರಿ ಕಳೆದ ಮೇಲೆ ಗಾಳಿ ಬೆನ್ನ ಹಿಂದಿನಿಂದ, ಗಟ್ಟದ ಕಡೆಯಿಂದ ಕಡಲಿಗೆ ಹೊರಡುತ್ತದೆ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ಬೆಳಗಿನ ಜಾವ ಈ ನೆಲಗಾಳಿ ಹಿಡಿದು ಹೋಗಿ, ಮಧ್ಯಾಹ್ನದ ಕಡಲಗಾಳಿ ಹಿಡಿದು ಮರಳುತ್ತಿದ್ದರು. ಉಬ್ಬರವೂ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗಿ ಬರುತ್ತದೆ. ಎರಡು ದಿನ ಉಳಿದರೆ ನಿನ್ನೆ ಚಪ್ಪಲಿ ಬಿಟ್ಟ ಜಾಗ ಇವತ್ತು ಅದೇ ಹೊತ್ತಿಗೆ ಯಾವ ಸ್ಥಿತಿಯಲ್ಲಿದೆ ಎಂದು ನೀವೇ ನೋಡಬಹುದು. ಸಂಜೆಯ ಬಸ್ಸಿಗೆ ಓಡುವವರಿಗೆ ಇದೊಂದೂ ದಕ್ಕುವುದಿಲ್ಲ.

ಬೆಳಿಗ್ಗೆ ಅದೃಷ್ಟವಿದ್ದರೆ ಕೈರಂಪಣಿ ಬಲೆ ಎಳೆಯುವುದು ನೋಡಲಿಕ್ಕೆ ಸಿಗುತ್ತದೆ. ಊರಿಗೆ ಊರೇ ಹಗ್ಗ ಹಿಡಿದೆಳೆಯುತ್ತಿದ್ದ ದೊಡ್ಡ ರಂಪಣಿ 1970ರ ದಶಕದಲ್ಲಿ ಪರ್ಸಿನ್ ಬೋಟು ಬಂದ ಮೇಲೆ ಸೊರಗಿತು. ಉಳಿದಿರುವುದು ಅದರ ಮರಿ. ಹತ್ತಿಪ್ಪತ್ತು ಜನ ಎರಡು ಕಡೆಯಿಂದ ಹಗ್ಗ ಎಳೆಯುತ್ತ ಹತ್ತಿರ ಹತ್ತಿರ ಬರುತ್ತಾರೆ. ಬಲೆಯ ಹೊಟ್ಟೆ ದಡ ಮುಟ್ಟುವಾಗ ಬೂತಾಯಿ ಚಿಮ್ಮುತ್ತದೆ, ಕಾಗೆ, ಹದ್ದು, ಬುಟ್ಟಿ ಹಿಡಿದ ಹೆಂಗಸರು ಒಟ್ಟಿಗೇ ಬಂದು ಸೇರುತ್ತಾರೆ. ನೀವು ಹೋಗಿ ಹಗ್ಗಕ್ಕೆ ಕೈ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರುದೋಸೆ, ಬಂಗುಡೆ ಪುಳಿಮುಂಚಿ, ಕಾಣೆ ರವಾ ಫ್ರೈ, ಮರುವಾಯಿ ಸುಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆ ಎರಡು ತಿಂಗಳು ತಟ್ಟೆಗೆ ಬರುವ ಅಂಜಲ್ ಐಸಿನದ್ದೋ ನಾಡದೋಣಿಯದ್ದೋ ಎಂದು ಕೇಳಿಯೇ ಆರ್ಡರ್ ಕೊಡಿ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ, ಅದೂ ವಾರದ ನಡುವೆ ಹೋಗಿ. ಮಂಗಳೂರಿನ ಸ್ಟೇಟ್‌ಬ್ಯಾಂಕಿನಲ್ಲಿ ಉಳ್ಳಾಲದ ಬಸ್ಸು ಹತ್ತಿದರೆ ನೇತ್ರಾವತಿ ಸೇತುವೆ, ತೊಕ್ಕೊಟ್ಟು ದಾಟಿ ಇಳಿಸುತ್ತದೆ. ಕೊಡೆ, ಟಾರ್ಚು, ಒಂದು ಹೆಚ್ಚಿನ ಬೈರಾಸು ಚೀಲದಲ್ಲಿರಲಿ. ಸೋಮೇಶ್ವರದ ಬಂಡೆಗಳ ಬದಿಯಲ್ಲಿ ನೀರಿಗೆ ಇಳಿಯಲೇಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಅಲ್ಲಿ ಒಳಸೆಳೆತ ಜೋರು, ಈಜು ಬಲ್ಲವರೂ ಪ್ರಾಣ ಕಳೆದುಕೊಂಡಿದ್ದಾರೆ. ಈಜುವ ಆಸೆಯಿದ್ದರೆ ಲಾಡ್ಜಿನ ಕೊಳದಲ್ಲೇ ಈಜಿ.