ಮೆಟ್ಟಿಲ್ಲದ ಮಂದ್ರತಂತ್ರೀವಾದ್ಯ: ಅದರ ನಿರ್ಮಾಣವೂ ಸ್ವರಸ್ಥಾನವಿಚಾರವೂ

ತಂತ್ರೀವಾದ್ಯದಲ್ಲಿ ಸ್ವರಸ್ಥಾನವನ್ನು ನಿರ್ಣಯಿಸತಕ್ಕವನು ವಾದ್ಯವನ್ನು ಮಾಡಿದವನೋ ನುಡಿಸುವವನೋ ಎಂಬ ಪ್ರಶ್ನೆಯು ಪ್ರಾಚೀನವಾದುದು. ಶಾರ್ಙ್ಗದೇವನು ೧೩ನೆಯ ಶತಮಾನದಲ್ಲಿ ರಚಿಸಿದ ಸಂಗೀತರತ್ನಾಕರದಲ್ಲಿ ಮೆಟ್ಟುಗಳಿಲ್ಲದ ಏಕತಂತ್ರಿಯೂ ಮೆಟ್ಟುಗಳುಳ್ಳ ಕಿನ್ನರಿಯೂ ಉಕ್ತವಾಗಿವೆ. ವಿಜಯನಗರದ ರಾಮಾಮಾತ್ಯನು ೧೫೫೦ರ ಸ್ವರಮೇಳಕಳಾನಿಧಿಯಲ್ಲಿ, ಸರ್ವರಾಗಗಳಿಗೂ ಮೆಟ್ಟುಗಳನ್ನು ಸ್ಥಿರವಾಗಿ ನಿಲ್ಲಿಸಿದ ವೀಣೆಯನ್ನೂ, ಒಂದೊಂದು ರಾಗಕ್ಕೆ ಅವನ್ನು ಸರಿಸಿಕೊಳ್ಳುವ ವೀಣೆಯನ್ನೂ ಬೇರ್ಪಡಿಸಿ ಹೇಳಿರುವನು. ಇದೇ ಪ್ರಶ್ನೆಯು ೨೦ನೆಯ ಶತಮಾನದ ಅಮೆರಿಕಾದಲ್ಲಿ ಬೇಸ್ ಗಿಟಾರ್ ಎಂಬ ವಿದ್ಯುದ್ವಾದ್ಯದ ಮೂಲಕ ಮತ್ತೆ ತಲೆಯೆತ್ತಿತು. ಆ ವಾದ್ಯವನ್ನು ಮೆಟ್ಟಿಲ್ಲದಂತೆ ಕೈಯಿಂದ ಕಟ್ಟುವ ಕ್ರಮವನ್ನೂ, ಅದರಿಂದ ಹೊರಡುವ ತತ್ತ್ವವನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸುವೆನು.

ಪಾಶ್ಚಾತ್ಯರ ಮೇಳಗಳಲ್ಲಿ ಮಂದ್ರಸ್ವರಗಳನ್ನು ನುಡಿಸುತ್ತಿದ್ದುದು ಪಿಟೀಲಿನ ಬಳಗಕ್ಕೆ ಸೇರಿದ, ನೆಲದ ಮೇಲೆ ನಿಲ್ಲಿಸತಕ್ಕ ಡಬಲ್ ಬೇಸ್ ಎಂಬ ದೊಡ್ಡ ವಾದ್ಯ. ಅದಕ್ಕೆ ಮೆಟ್ಟುಗಳಿಲ್ಲ. ೧೯೫೧ರಲ್ಲಿ ಲಿಯೋ ಫೆಂಡರನು ಹೆಗಲಿಗೆ ತೂಗುಹಾಕಿಕೊಳ್ಳುವ, ಮೆಟ್ಟುಗಳುಳ್ಳ ವಿದ್ಯುದ್ವಾದ್ಯವನ್ನು ಹೊರತಂದು ಅದಕ್ಕೆ 'ಪ್ರಿಸಿಷನ್', ಎಂದರೆ ಖಚಿತತೆ, ಎಂದು ಹೆಸರಿಟ್ಟನು. ಆದರೆ ೧೯೬೬ರಲ್ಲಿಯೇ ಆಂಪೆಗ್ ಕಂಪನಿಯು ಮೆಟ್ಟಿಲ್ಲದ ವಾದ್ಯವನ್ನು ಮಾರಾಟಕ್ಕೆ ತಂದಿತು. ಮುಂದೆ ಜಾಕೋ ಪಾಸ್ಟೋರಿಯಸ್ ಎಂಬ ವಾದಕನು ಮೆಟ್ಟುಗಳನ್ನು ತೆಗೆಸಿದ ವಾದ್ಯದ ಸೀಳುಗಳನ್ನು ತುಂಬಿ, ಹಲಗೆಗೆ ದೋಣಿಗಳಿಗೆ ಬಳಿಯುವ ಗಟ್ಟಿ ಲೇಪವನ್ನು ಹಚ್ಚಿ ನುಡಿಸಿದನು. ೧೯೭೬ರಲ್ಲಿ ಹೊರಬಂದ ಅವನ ಧ್ವನಿಮುದ್ರಿಕೆಯಿಂದ ಅದರ ನಾದವು ಲೋಕಪ್ರಸಿದ್ಧವಾಯಿತು. ಖಚಿತತೆಗಾಗಿ ಬಂದ ಮೆಟ್ಟುಗಳನ್ನು ಹೀಗೆ ತ್ಯಜಿಸಿದುದೇಕೆ?

ಇದಕ್ಕೆ ಗಣಿತವೇ ಉತ್ತರವನ್ನೀಯುವುದು. ಈ ವಾದ್ಯದಲ್ಲಿ ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದವು ಸಾಮಾನ್ಯವಾಗಿ ೩೪ ಅಂಗುಲ. ನಡುವೆ, ೧೭ ಅಂಗುಲದಲ್ಲಿ, ತಾರಷಡ್ಜ. ಇವೆರಡರ ಸ್ವರಾಂತರವನ್ನು, ಉದ್ದದ ಅಳತೆಯಿಂದಲ್ಲದೆ ಕಂಪನಪ್ರಮಾಣದಿಂದ, ೧೨ ಸಮಭಾಗಗಳಾಗಿಸಿ ಮೆಟ್ಟುಗಳನ್ನು ನಿಲ್ಲಿಸುವರು. ಆಗ ಅಂತರಗಾಂಧಾರದ ಮೆಟ್ಟು ಮೇರುವಿನಿಂದ ೭.೦೧ ಅಂಗುಲದಲ್ಲಿ ನಿಲ್ಲುವುದು. ಆದರೆ ಷಡ್ಜಕ್ಕೆ ೫:೪ ಪ್ರಮಾಣದಲ್ಲಿರುವ ಅಂತರಗಾಂಧಾರದ ಸ್ಥಾನವು ತಂತಿಯ ಐದನೆಯ ಒಂದು ಭಾಗ, ಎಂದರೆ ೬.೮ ಅಂಗುಲ. ಅಂತರವು ಅಂಗುಲದ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ಕಿವಿಯುಳ್ಳವರಿಗೆ ಇದು ಅಲ್ಪವಲ್ಲ. ಮೆಟ್ಟಿನ ಮೇಲೆ ತಂತಿಯನ್ನು ಎಳೆದು ಸ್ವರವನ್ನು ಏರಿಸಬಹುದಲ್ಲದೆ ಇಳಿಸಲಾಗದು. ಕೆಳಗಿನ ಮೆಟ್ಟಿನಿಂದ ಎಳೆದು ಸಾಧಿಸೋಣವೆಂದರೆ ಮಂದ್ರದ ದಪ್ಪ ತಂತಿಗಳು ಸುಲಭವಾಗಿ ಮಣಿಯವು. ಪಂಚಮದಲ್ಲಾದರೋ ಭೇದವು ಅಂಗುಲದ ನಲವತ್ತನೆಯ ಒಂದು ಭಾಗದಷ್ಟೇ. ಆದುದರಿಂದ ಮೆಟ್ಟು ಕೊಡುವ ಖಚಿತತೆಯು ಒಂದು ಒಡಂಬಡಿಕೆಯ ಖಚಿತತೆಯೇ ಹೊರತು ಶ್ರುತಿಯ ಖಚಿತತೆಯಲ್ಲ.

ಇನ್ನು ನಿರ್ಮಾಣಕ್ರಮ. ವೀಣೆಯಂತೆ ಇದಕ್ಕೆ ಕೊಡವಿಲ್ಲ. ಆಲ್ಡರ್ ಅಥವಾ ಆಶ್ ಮರದ ಗಟ್ಟಿಯಾದ ಒಡಲು. ದಂಡಿಯು ಮೇಪಲ್ ಮರದ್ದು. ನಾಲ್ಕು ತಂತಿಗಳ ಒಟ್ಟು ಸೆಳೆತವು ೧೫೦ ಪೌಂಡುಗಳಿಗೂ ಮಿಕ್ಕುವುದರಿಂದ ದಂಡಿಯು ಬಾಗದಂತೆ ಒಳಗೆ ಉದ್ದಕ್ಕೂ ತೋಡಿ ಉಕ್ಕಿನ ಸರಳನ್ನಿಡುವರು. ಅದರ ತುದಿಯ ತಿರುಪನ್ನು ತಿರುಗಿಸಿ ಬಾಗನ್ನು ತಿದ್ದಬಹುದು. ದಂಡಿಯ ಮೇಲೆ ಅಂಟಿಸುವ ಬೆರಳಹಲಗೆಗೆ ಕರಿಮರವನ್ನೋ, ನಮ್ಮ ಮಲೆನಾಡಿನಲ್ಲಿಯೂ ಬೆಳೆಯುವ ಬೀಟೆಯನ್ನೋ ಆರಿಸುವರು. ಒಡಲಿನಲ್ಲಿ ತಂತಿಗಳ ಕೆಳಗೆ ಅಯಸ್ಕಾಂತವನ್ನೂ ಅದರ ಸುತ್ತ ಸಾವಿರಾರು ಸುತ್ತಿನ ತಾಮ್ರದ ಎಳೆಯನ್ನೂ ಇಡುವರು. ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತಕ್ಷೇತ್ರವು ಕದಲಿ, ೧೮೩೧ರಲ್ಲಿ ಫ್ಯಾರಡೆಯು ಕಂಡ ನಿಯಮದಂತೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು.

ಮೆಟ್ಟುಗಳನ್ನು ಬಿಟ್ಟರೆ ಶಿಲ್ಪಿಯ ಕೆಲಸವು ಹಗುರವಾಯಿತೆಂದು ತೋರಬಹುದು. ವಸ್ತುಸ್ಥಿತಿಯು ಇದಕ್ಕೆ ವಿರುದ್ಧ. ಮೆಟ್ಟುಗಳಿದ್ದಾಗ ತಂತಿಯು ಅವುಗಳ ನೆತ್ತಿಯನ್ನು ಮಾತ್ರ ಮುಟ್ಟುವುದು. ನಡುವಣ ಮರವು ಸ್ವಲ್ಪ ಉಬ್ಬುತಗ್ಗಾಗಿದ್ದರೂ ಬಾಧಕವಿಲ್ಲ. ಮೆಟ್ಟಿಲ್ಲದಲ್ಲಿ ಹಲಗೆಯ ಪ್ರತಿಯೊಂದು ಬಿಂದುವೂ ಮೆಟ್ಟೇ ಆಗುವುದು. ಆದುದರಿಂದ ನೇರವಾದ ತೊಲೆಗೆ ಉಜ್ಜುಕಾಗದವನ್ನು ಅಂಟಿಸಿ, ಹಲಗೆಯನ್ನು ಉದ್ದಕ್ಕೂ ಉಜ್ಜಿ, ಮತ್ತೆ ಮತ್ತೆ ಅಳತೆಪಟ್ಟಿಯಿಟ್ಟು ಪರೀಕ್ಷಿಸಬೇಕು. ಮೇರುವಿನ ಕಚ್ಚುಗಳನ್ನು ಮೆಟ್ಟುಳ್ಳ ವಾದ್ಯದಲ್ಲಿರುವುದಕ್ಕಿಂತ ಆಳವಾಗಿ ಕೊರೆದು ತಂತಿಯನ್ನು ಮರದ ಸಮೀಪಕ್ಕೆ ಇಳಿಸಬೇಕು. ಗುರುತಿನ ಚುಕ್ಕೆಗಳನ್ನು ಮೆಟ್ಟುಗಳ ನಡುವಣ ಅವಕಾಶದಲ್ಲಿ ಅಲ್ಲ, ಸ್ವರದ ನಿಜಸ್ಥಾನದಲ್ಲಿಯೇ ಹಲಗೆಯ ಅಂಚಿಗೆ ಕೂರಿಸುವುದು ಲೇಸು. ಸುರುಳಿಸುತ್ತಿನ ಒರಟು ತಂತಿಯು ಮರವನ್ನು ಸವೆಸುವುದರಿಂದ ಚಪ್ಪಟೆಸುತ್ತಿನ ನಯವಾದ ತಂತಿಯನ್ನು ಹೂಡುವುದೋ ಹಲಗೆಗೆ ಗಟ್ಟಿ ಲೇಪವನ್ನು ಕೊಡುವುದೋ ಯುಕ್ತ.

ಹೀಗೆ ಸಿದ್ಧವಾದ ವಾದ್ಯದಲ್ಲಿ ಕಂಪಿಸುವ ತಂತಿಯು ಹಲಗೆಯನ್ನು ನವಿರಾಗಿ ಸವರುತ್ತ ಹೋಗಿ, ತಂಬೂರಿಯ ಜೀವಾಳದಿಂದ ಹುಟ್ಟುವ ಝೇಂಕಾರಕ್ಕೆ ಸಮೀಪವಾದ, ತುಂಬುಕಂಠದ ಗಾನವನ್ನು ಹೋಲುವ ನಾದವು ಹೊರಡುವುದು. ಸ್ವರದಿಂದ ಸ್ವರಕ್ಕೆ ಜಾರುವ ಗಮಕವು ಸಹಜವಾಗುವುದು. ಬೆರಳು ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರವು ಬಯಲಾಗುವುದೂ ಅಷ್ಟೇ ಸಹಜ.

ಕಡೆಗೆ ಹೆಸರಿನ ವಿಚಾರ. ಮೆಟ್ಟಿಗೆ ಸಂಸ್ಕೃತದಲ್ಲಿ ಸಾರಿಕೆಯೆಂದು ಹೆಸರುಂಟು. ಆ ಮೇರೆಗೆ 'ನಿಸ್ಸಾರಿಕ' ಎಂದು ಶಬ್ದವನ್ನು ಕಟ್ಟಿದರೆ ವ್ಯಾಕರಣಕ್ಕೆ ಸಮ್ಮತವಾದರೂ, ಕೇಳಿದವರಿಗೆ 'ನಿಸ್ಸಾರ'ವೇ ನೆನಪಾಗಿ, ಸರಸವಾದ ವಾದ್ಯಕ್ಕೆ ಅನ್ಯಾಯವಾಗುವುದು. 'ಮೆಟ್ಟಿಲ್ಲದ' ಎಂಬ ಅಚ್ಚಗನ್ನಡ ಪದವು ಲೋಪಸಂಧಿಯಿಂದ ತಾನಾಗಿ ಒದಗಿರುವಾಗ ಬೇರೆ ಪ್ರಯಾಸವೇಕೆ? ಮೆಟ್ಟನ್ನು ತೆಗೆದುದರಿಂದ ನಿಯಮವು ಹೋಗಲಿಲ್ಲ; ಶಿಲ್ಪಿಯ ಕೈಯಿಂದ ವಾದಕನ ಕಿವಿಗೆ ಅದು ಸಂಕ್ರಮಿಸಿತು. ಆ ಕಿವಿಯನ್ನು ನಂಬಿ, ಅದಕ್ಕೆ ಮೋಸವಾಗದಂತೆ ಮರವನ್ನು ನೇರ್ಪಡಿಸಿಕೊಡುವುದೇ ಈ ವಾದ್ಯವನ್ನು ಕಟ್ಟುವವನ ಧರ್ಮವೆಂದು ನನ್ನ ಅಭಿಪ್ರಾಯ. ವಿದ್ವಾಂಸರು ಒರೆಗೆ ಹಚ್ಚಿ ನೋಡಬೇಕೆಂದು ಪ್ರಾರ್ಥಿಸುವೆನು.