ಮರಿಯಲ್ಲೇ ಹುಂಜ ಯಾವುದು, ಹ್ಯಾಟೆ ಯಾವುದು?

ಕಾವಿಗೆ ಮೊಟ್ಟೆ ಇಡುವಾಗ ಚೂಪಾದವನ್ನೂ ದುಂಡಗಿನವನ್ನೂ ಬೇರೆ ಬೇರೆ ಆರಿಸುವ ಹಿರಿಯರು ನಮ್ಮಲ್ಲಿದ್ದಾರೆ. ಚೂಪಾದುದು ಹುಂಜ, ದುಂಡಗಿನದು ಹ್ಯಾಟೆ ಎಂಬುದು ಅವರ ಲೆಕ್ಕ. ಇದು ಬಹಳ ಹಳೆಯ ಲೆಕ್ಕ. ಒಂದನೇ ಶತಮಾನದ ರೋಮಿನ ಕೃಷಿ ಲೇಖಕ ಕೊಲುಮೆಲ್ಲಾ ಹೀಗೆಯೇ ಬರೆದಿದ್ದಾನೆ. ಅವನಿಗೂ ಮುಂಚೆ ಅರಿಸ್ಟಾಟಲ್ ಇದಕ್ಕೆ ತೀರಾ ವಿರುದ್ಧ ಹೇಳಿದ್ದ. ಇಬ್ಬರದೂ ತಪ್ಪು. ಮರಿ ಗಂಡೋ ಹೆಣ್ಣೋ ಎಂಬುದು ಚಿಪ್ಪು ಕಟ್ಟುವ ಮೊದಲೇ ತಾಯಿಕೋಳಿಯ ಅಂಡದಲ್ಲಿ ತೀರ್ಮಾನವಾಗಿರುತ್ತದೆ. ಮನುಷ್ಯರಲ್ಲಿ ಅದು ತಂದೆಯ ಕಡೆಯಿಂದ. (ಹೆಣ್ಣು ಮಗುವಾಯಿತೆಂದು ಸೊಸೆಯನ್ನು ದೂರುವವರು ಈ ಸಾಲನ್ನು ಎರಡು ಸಲ ಓದಲಿ.) ಹತ್ತು ಮರಿ ಎದ್ದರೆ ಸುಮಾರು ಅರ್ಧ ಹುಂಜ ಎಂದುಕೊಳ್ಳಿ.

ಸಂತೆಯಲ್ಲಿ ಒಂದು ವಾರದ ನಾಟಿ ಮರಿಗಳನ್ನು 'ಎಲ್ಲವೂ ಹ್ಯಾಟೆ' ಎಂದು ಹೆಚ್ಚು ಬೆಲೆಗೆ ಮಾರಿದರೆ ನಂಬಬೇಡಿ. ಮರಿಯ ಗುದದ್ವಾರ ಬಿಡಿಸಿ ನೋಡಿ ಹೇಳುವ ವಿದ್ಯೆಯನ್ನು 1920ರ ದಶಕದಲ್ಲಿ ಜಪಾನಿನವರು ಕಂಡುಹಿಡಿದರು. ಅದಕ್ಕೆ ದೀರ್ಘ ತರಬೇತಿ ಬೇಕು. ಅರಿಯದವರು ಹಿಸುಕಿದರೆ ಮರಿ ಸಾಯುತ್ತದೆ. ರೆಕ್ಕೆಯ ಗರಿಯ ಉದ್ದ ನೋಡಿ ಹೇಳುವುದು ಅದಕ್ಕೆಂದೇ ತಳಿ ಕೂಡಿಸಿದ ಹ್ಯಾಚರಿ ಮರಿಗಳಿಗೆ ಮಾತ್ರ ಸರಿಹೋಗುತ್ತದೆ. ನಮ್ಮ ಸಿರುವಿಡೈ, ಪೆರುವಿಡೈ ಮರಿಗಳಿಗೆ ಆ ಲೆಕ್ಕ ನಡೆಯದು.

ಹಾಗಾದರೆ ತಾಳ್ಮೆಯೊಂದೇ ದಾರಿ. ಐದಾರು ವಾರಕ್ಕೆ ಹುಂಜಮರಿಯ ಜುಟ್ಟು ಕೆಂಪೇರಿ ದಪ್ಪವಾಗುತ್ತದೆ, ಕಾಲೂ ದಪ್ಪ. ಹ್ಯಾಟೆಗೆ ಬಾಲದ ಗರಿ ಬೇಗ ಬರುತ್ತದೆ. ಹುಂಜ ಸ್ವಲ್ಪ ಕಾಲ ಬೋಳು ಬೆನ್ನಿನಲ್ಲೇ ಓಡಾಡುತ್ತದೆ. ಪೆರುವಿಡೈಗೆ ಜುಟ್ಟೇ ಚಿಕ್ಕದಾದ್ದರಿಂದ ಅದರಲ್ಲಿ ಮೋಸಹೋಗುವುದು ಸುಲಭ. ಮೂರು ತಿಂಗಳ ಹೊತ್ತಿಗೆ ಬಾಲದ ಬುಡದ ಗರಿ ನೋಡಿ: ಹುಂಜಕ್ಕೆ ಅದು ಉದ್ದ, ಮೊನಚು, ಹ್ಯಾಟೆಗೆ ದುಂಡು ತುದಿ. ಇದೇ ಹೆಚ್ಚು ನಂಬಬಹುದಾದ ಗುರುತು.

ಗುಣದ ವಿಷಯ ಇನ್ನೂ ಕಷ್ಟ. ಮೂರು ವಾರದ ಮರಿಗಳು ಎದೆಗೆದೆ ಕೊಟ್ಟು ನೆಗೆದರೆ ಅವೆಲ್ಲ ಹುಂಜಗಳಲ್ಲ. ಹ್ಯಾಟೆಗಳೂ ಹಾಗೆ ಮಾಡಿ ಯಾರು ಮೇಲೆಂದು ಗೊತ್ತುಮಾಡಿಕೊಳ್ಳುತ್ತವೆ. ಆದರೆ ಜಾಗ ಇಕ್ಕಟ್ಟಾಗಿ ಸೆಕೆ ಹೆಚ್ಚಿದರೆ ಸಾಧು ಮರಿಯೂ ಪಕ್ಕದ್ದರ ಬೆನ್ನು ಕುಕ್ಕಿ ರಕ್ತ ತೆಗೆಯುತ್ತದೆ. ಅಲ್ಲಿ ತಪ್ಪು ಗೂಡಿನದು. ಪೆರುವಿಡೈಯನ್ನು ತಲೆಮಾರುಗಳಿಂದ ಜಗಳಕ್ಕೆಂದೇ ಆರಿಸಿದ್ದಾರೆ. ಸಿಟ್ಟು ರಕ್ತದಲ್ಲೂ ಬರುತ್ತದೆ. ಮಕ್ಕಳ ಮೇಲೆ ಎಗರುವ ಹುಂಜವನ್ನು ತಳಿಗೆ ಬಿಡಬೇಡಿ. ಅದು ಮುಖಕ್ಕೇ ನೆಗೆಯುವುದರಿಂದ ಮಗುವಿನ ಕಣ್ಣು ಹೋದೀತು. ಚೆಂದದ ಬಾಲಕ್ಕಾಗಿ ಅದನ್ನು ಉಳಿಸಿಕೊಳ್ಳುವುದು ನಮಗೆ ಸರಿಕಾಣದು.

ಇಷ್ಟಕ್ಕೂ ಮರಿ ಬದುಕಿದರೆ ತಾನೆ? ತಾಯಿಯಿಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನ ಕೆಳಗೆ ಒತ್ತೊತ್ತಾಗಿ ಕೂತರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮೇಯುತ್ತಿದ್ದರೆ ಸರಿ. ಜಪಸರ ಮಾತೆಯ ಹಬ್ಬದ ತಿಂಗಳಾದ ಅಕ್ಟೋಬರಿನಿಂದ ನಮ್ಮ ಕಡೆ ಹಿಂಗಾರು ಮಳೆ. ಆಗ ಹಾಸು ಒದ್ದೆಯಾದರೆ ರಕ್ತಭೇದಿ ಬರುತ್ತದೆ. ಹೊಟ್ಟನ್ನು ದಿನವೂ ಕೆದಕಿ, ಒದ್ದೆಯಾದುದನ್ನು ತೆಗೆದುಹಾಕಿ.

ಕೊಕ್ಕರೆ ರೋಗಕ್ಕೆ ಹುಂಜ, ಹ್ಯಾಟೆ ಎಂಬ ಭೇದವಿಲ್ಲ. ಐದರಿಂದ ಏಳನೇ ದಿನದೊಳಗೆ ಲಸೋಟಾ ಅಥವಾ ಎಫ್ ಲಸಿಕೆಯ ಒಂದು ಹನಿ ಕಣ್ಣಿಗೆ ಹಾಕಿಸಿ. ಎಂಟನೇ ವಾರಕ್ಕೆ ಚುಚ್ಚುಮದ್ದು. ಲಸಿಕೆಯನ್ನು ಐಸಿನಲ್ಲಿಟ್ಟೇ ತನ್ನಿ. ಬಿಸಿಲಲ್ಲಿ ಜೇಬಿನಲ್ಲಿಟ್ಟು ತಂದ ಲಸಿಕೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ.